ಅಣ್ಣತಮ್ಮಂದಿರ ಒಡಕು

ಒಂದೇ ಒಡಲಿನಲ್ಲಿ ಹುಟ್ಟಿ, ಒಂದೇ ಹೊಸ್ತಿಲಿನೊಳಗೆ ಬೆಳೆದವರು ಒಬ್ಬರಿಗೊಬ್ಬರು ಹಗೆಗಳಾಗುವುದು ಲೋಕದಲ್ಲಿ ಹೊಸ ಸಂಗತಿಯಲ್ಲ. ರಾಮಾಯಣದಲ್ಲಿ ವಾಲಿ-ಸುಗ್ರೀವರಿದ್ದಾರೆ, ರಾವಣ-ವಿಭೀಷಣರಿದ್ದಾರೆ. ಜೈನ ಪುರಾಣದಲ್ಲಿ ಭರತ-ಬಾಹುಬಲಿಗಳಿದ್ದಾರೆ. ಲೋಕವೇ ಹಾಳಾದ ಮೇಲೆ ಅಳಿದುಳಿದವರ ಬಾಳು ಹೇಗಿದ್ದೀತೆಂದು ಕಲ್ಪಿಸಿ ಹೆಣೆಯುವ ಇಂದಿನ ಧಾರಾವಾಹಿ ನಾಟಕಗಳಲ್ಲಿಯೂ ಅಣ್ಣನು ಒಂದು ಪಾಳೆಯದಲ್ಲಿ, ತಮ್ಮನು ಮತ್ತೊಂದು ಪಾಳೆಯದಲ್ಲಿ ನಿಲ್ಲುವ ಪ್ರಸಂಗವು ಮತ್ತೆ ಮತ್ತೆ ಬರುತ್ತದೆ. ಅಂಥ ಕಥೆಗಳನ್ನು ನೋಡುವವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಕೇಡು ಬಂದುದರಿಂದ ಒಡಹುಟ್ಟಿದವರು ಬೇರೆಯಾಗುವರೋ, ಅಥವಾ ಅವರು ಬೇರೆಯಾದುದರಿಂದಲೇ ಕೇಡು ಒಳನುಗ್ಗುವುದೋ?

ಈ ಪ್ರಶ್ನೆಗೆ ಉತ್ತರವನ್ನು ಕಲ್ಪನೆಯ ಕಥೆಗಳಲ್ಲಿ ಹುಡುಕಬೇಕಾದುದಿಲ್ಲ. ಕನ್ನಡನಾಡಿನ ಇತಿಹಾಸದಲ್ಲಿಯೇ, ಹದಿನೆಂಟನೆಯ ಶತಮಾನದ ಮೈಸೂರು ಸಂಸ್ಥಾನದ ವೃತ್ತಾಂತದಲ್ಲಿ, ಎರಡು ಜೋಡಿ ಸೋದರರ ಕಥೆಯಿದೆ. ಒಂದು ಜೋಡಿಯು ಬೂದಿಕೋಟೆಯದು, ಮತ್ತೊಂದು ಕಳಲೆಯದು. ಮೊದಲನೆಯವರು ಹಾಳಾದ ಮನೆಯಿಂದ ಹೊರಬಿದ್ದ ಅನಾಥ ಬಾಲಕರು. ಎರಡನೆಯವರು ರಾಜ್ಯದ ಆಡಳಿತವನ್ನೇ ಕೈಯಲ್ಲಿ ಹಿಡಿದಿದ್ದ ಪ್ರಭುಗಳು. ಇವರಿಬ್ಬರ ಕಥೆಗಳೂ 1758ರಲ್ಲಿ ಒಂದು ಕಡೆ ಬಂದು ಕೂಡಿದುವು. ಅವುಗಳನ್ನು ಜೊತೆಯಲ್ಲಿಟ್ಟು ನೋಡಿದಾಗ ದೊರೆಯುವ ಪಾಠವು ರಾಜರಿಗೆ ಮಾತ್ರವಲ್ಲ, ಎರಡು ಎಕರೆ ಹೊಲವನ್ನು ಹಂಚಿಕೊಳ್ಳಬೇಕಾದ ಮನೆಗಳಿಗೂ ಸಲ್ಲುವಂಥದು.

ಬೂದಿಕೋಟೆಯ ಬಾಲಕರು

ಬೂದಿಕೋಟೆಯು ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ ಗ್ರಾಮ. ಚಿನ್ನದ ಗಣಿಗಳಿಗೆ ಹೆಸರಾದ ಸೀಮೆಗೆ ಸಮೀಪದಲ್ಲಿರುವ ಈ ಊರಿನ ಹೆಸರಿನಲ್ಲಿರುವುದು ಮಾತ್ರ ಬೂದಿ. ಇದನ್ನು ಸಂಸ್ಕೃತದಲ್ಲಿ ವಿಭೂತಿಪುರವೆಂದು ಕರೆದರೆಂದೂ, ಪೂರ್ವದಲ್ಲಿ ಇಲ್ಲಿ ನಡೆದ ಯಜ್ಞಗಳ ಬೂದಿಯಿಂದ ಈ ಹೆಸರು ಬಂದಿತೆಂದೂ ಐತಿಹ್ಯವಿದೆ. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಈ ಪ್ರಾಂತವು ಮೊಗಲರ ಶಿರಾ ಸುಬೇದಾರಿಯ ಅಧೀನದಲ್ಲಿದ್ದಿತು. ಫತೇ ಮಹಮ್ಮದನೆಂಬ ಸೇನಾಧಿಕಾರಿಯು ಆಗ ಬೂದಿಕೋಟೆಯಲ್ಲಿ ನೆಲಸಿದ್ದನು. ಅವನ ಮಕ್ಕಳಲ್ಲಿ ಷಹಬಾಜನು ಹಿರಿಯನು, ಹೈದರನು ಕಿರಿಯನು. ಹೈದರನು ಹುಟ್ಟಿದುದು 1720ರ ಆಸುಪಾಸಿನಲ್ಲಿ, ಇದೇ ಊರಿನಲ್ಲಿ.

ಶಿರಾ ಸುಬೇದಾರಿಯ ಅಧಿಕಾರಕ್ಕಾಗಿ ಎದ್ದ ಜಗಳದಲ್ಲಿ ಫತೇ ಮಹಮ್ಮದನು ಹೋರಾಡಿ ಮಡಿದನು. ಅವನ ಕುಟುಂಬವು ದೊಡ್ಡಬಳ್ಳಾಪುರದ ಜಹಗೀರುದಾರನಾಗಿದ್ದ ಅಬ್ಬಾಸ್ ಕುಲೀಖಾನನ ಕೈಗೆ ಸಿಕ್ಕಿತು. ತಂದೆಯು ಹಣ ಕೊಡಬೇಕಾಗಿತ್ತೆಂಬ ನೆಪದಿಂದ ಆತನು ಮನೆಯಲ್ಲಿದ್ದುದನ್ನೆಲ್ಲ ಸುಲಿದನು. ಅಷ್ಟಕ್ಕೆ ತೃಪ್ತನಾಗದೆ ಹತ್ತು ವರ್ಷವೂ ತುಂಬದ ಆ ಇಬ್ಬರು ಮಕ್ಕಳನ್ನು ನಗಾರಿಯೊಳಗೆ ಕೂರಿಸಿ, ಮೇಲೆ ಚರ್ಮವನ್ನು ಬಿಗಿದು ಹಿಂಸಿಸಿದನೆಂದು ಇತಿಹಾಸಕಾರನಾದ ವಿಲ್ಕ್ಸ್ ಬರೆದಿದ್ದಾನೆ. ಮನೆ ಹೋಯಿತು, ತಂದೆ ಹೋದನು, ಮೈಮೇಲಿನ ಬಟ್ಟೆ ಮಾತ್ರ ಉಳಿಯಿತು. ಆ ಬಾಲಕರ ಪಾಲಿಗೆ ಲೋಕವೆಂಬುದು ಅಂದೇ ಮುಗಿದುಹೋಗಿದ್ದಿತು.

ಆದರೆ ಮುಂದೆ ನಡೆದುದನ್ನು ಗಮನಿಸಬೇಕು. ಬಂಧುಗಳ ಆಶ್ರಯದಲ್ಲಿ ಬೆಳೆದ ಷಹಬಾಜನು ಮೈಸೂರಿನ ಸೈನ್ಯವನ್ನು ಸೇರಿ, ಒಂದು ದಳಕ್ಕೆ ನಾಯಕನಾದನು. ಹೈದರನು ಬಹುಕಾಲ ಯಾವ ಉದ್ಯೋಗವೂ ಇಲ್ಲದೆ, ಬೇಟೆಯಲ್ಲಿಯೂ ವಿನೋದದಲ್ಲಿಯೂ ದಿನ ಕಳೆಯುತ್ತಿದ್ದನು. ಅಂಥ ತಮ್ಮನನ್ನು ಅಣ್ಣನು ಹೊರಗಟ್ಟಲಿಲ್ಲ. ತನ್ನ ನೆರಳಿನಲ್ಲಿಯೇ ಇರಿಸಿಕೊಂಡನು. 1749ರಲ್ಲಿ ಮೈಸೂರಿನ ಸೈನ್ಯವು ದೇವನಹಳ್ಳಿಗೆ ಮುತ್ತಿಗೆ ಹಾಕಿದಾಗ ಹೈದರನು ಅಣ್ಣನ ದಳದಲ್ಲಿ ಸ್ವಇಚ್ಛೆಯಿಂದ ಹೋರಾಡಿದನು. ಅವನ ಎದೆಗಾರಿಕೆಯನ್ನು ಕಂಡು ಮೆಚ್ಚಿದ ಸೇನಾಪತಿಯು ಅವನಿಗೆ 50 ಕುದುರೆ ಮತ್ತು 200 ಕಾಲಾಳುಗಳ ನಾಯಕತ್ವವನ್ನು ಕೊಟ್ಟನು. ಹೈದರನ ಏಳಿಗೆಯ ಮೊದಲ ಮೆಟ್ಟಿಲು ಇದು. ಆ ಮೆಟ್ಟಿಲಿಗೆ ಅವನನ್ನು ತಂದು ನಿಲ್ಲಿಸಿದುದು ಅಣ್ಣನ ಆಶ್ರಯ.

ದೇವನಹಳ್ಳಿಯ ಮುತ್ತಿಗೆಯಲ್ಲಿ ಹೈದರನನ್ನು ಮೆಚ್ಚಿದ ಆ ಸೇನಾಪತಿಯೇ ಕಳಲೆಯ ನಂಜರಾಜನು. ಎರಡನೆಯ ಜೋಡಿಯ ಕಥೆಯು ಇಲ್ಲಿಂದ ಮೊದಲಾಗುತ್ತದೆ.

ಕಳಲೆಯ ಪ್ರಭುಗಳು

ಕಳಲೆಯು ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನಲ್ಲಿದೆ. ಆ ಮನೆತನದವರು ಬಹುಕಾಲದಿಂದ ಮೈಸೂರಿನ ದಳವಾಯಿಗಳಾಗಿದ್ದರು. ಇಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಎಂದರೆ 1734ರಿಂದ 1766ರ ಅವಧಿಯಲ್ಲಿ, ಅರಸರು ಹೆಸರಿಗೆ ಮಾತ್ರ ಅರಸರಾಗಿದ್ದರು. ದಳವಾಯಿ ದೇವರಾಜನೂ, ಅವನ ತಮ್ಮನಾದ ಸರ್ವಾಧಿಕಾರಿ ಕರಾಚೂರಿ ನಂಜರಾಜನೂ ರಾಜ್ಯವನ್ನು ಆಳುತ್ತಿದ್ದರು. ನಂಜರಾಜನ ಮಗಳನ್ನು ಅರಸರಿಗೆ ಕೊಟ್ಟು ವಿವಾಹವೂ ಆಗಿದ್ದಿತು.

ನಂಜರಾಜನು ಬರಿಯ ಕತ್ತಿಯ ವೀರನಲ್ಲ. ಆತನು ಶಿವಭಕ್ತನು, ನಂಜನಗೂಡಿನ ಸ್ವಾಮಿಗೆ ನಡೆದುಕೊಂಡವನು, ಕವಿಗಳಿಗೆ ಆಶ್ರಯದಾತನು. ‘ಸಂಗೀತ ಗಂಗಾಧರ’ವೆಂಬ ಸಂಸ್ಕೃತ ಕಾವ್ಯವು ಆತನ ಹೆಸರಿನಲ್ಲಿದೆ. ಕನ್ನಡದಲ್ಲಿಯೂ ಶೈವಗ್ರಂಥಗಳನ್ನು ಬರೆದಿದ್ದಾನೆ. ಭಕ್ತಿಯೂ ವಿದ್ಯೆಯೂ ಇದ್ದ ಮಾತ್ರಕ್ಕೆ ಕೋಪವು ಅಡಗುವುದಿಲ್ಲವೆಂಬುದಕ್ಕೆ ಆತನ ಜೀವನವೇ ಸಾಕ್ಷಿಯಾಯಿತು. ಬಾಯಲ್ಲಿ ಶಿವನಾಮವಿದ್ದು ನಡತೆಯಲ್ಲಿ ಕ್ರೌರ್ಯವಿದ್ದರೆ ಅದನ್ನು ಶರಣರು ಭಕ್ತಿಯೆಂದು ಎಣಿಸಲಿಲ್ಲ.

ಸೋದರರ ನಡುವೆ ಮೊದಲ ಬಿರುಕನ್ನು ತಂದುದು ತಿರುಚಿರಾಪಳ್ಳಿಯ ಯುದ್ಧ. ಆರ್ಕಾಟಿನ ನವಾಬಗಿರಿಗಾಗಿ ಹೋರಾಡುತ್ತಿದ್ದ ಮಹಮ್ಮದಾಲಿಯು, ತನಗೆ ಸಹಾಯ ಮಾಡಿದರೆ ತಿರುಚಿರಾಪಳ್ಳಿಯನ್ನೇ ಬಿಟ್ಟುಕೊಡುವೆನೆಂದು ಮೈಸೂರಿಗೆ ಆಸೆ ತೋರಿಸಿದನು. ಅಣ್ಣನಾದ ದೇವರಾಜನಿಗೆ ಈ ಸಾಹಸವು ಹಿತವಾಗಿ ತೋರಲಿಲ್ಲವೆಂದು ಹೇಳುವರು. ಆದರೂ ನಂಜರಾಜನು 1752ರಲ್ಲಿ ಸೈನ್ಯದೊಡನೆ ಹೊರಟನು. ಕಾರ್ಯ ಮುಗಿದ ಮೇಲೆ ಮಹಮ್ಮದಾಲಿಯು ಮಾತಿಗೆ ತಪ್ಪಿದನು. ಹಿಂದಿರುಗಲು ಅಭಿಮಾನ ಬಿಡದೆ, ನಂಜರಾಜನು ಫ್ರೆಂಚರನ್ನು ಕೂಡಿಕೊಂಡು 1755ರವರೆಗೆ ಆ ಕೋಟೆಯ ಸುತ್ತ ಹೋರಾಡಿದನು. ದೊರೆತುದು ಏನೂ ಇಲ್ಲ, ಬೊಕ್ಕಸವು ಬರಿದಾಯಿತು.

ಅದೇ 1755ರಲ್ಲಿ ಹೈದರಾಬಾದಿನ ಸಲಾಬತ್ ಜಂಗನು ಫ್ರೆಂಚ್ ಸೇನಾಪತಿ ಬುಸ್ಸಿಯೊಡನೆ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ಕಪ್ಪವನ್ನು ಕೇಳಿದನು. ಒಪ್ಪಂದವಾದ ಮೊತ್ತ 56 ಲಕ್ಷ ರೂಪಾಯಿ. ತಮ್ಮನು ದೂರದಲ್ಲಿ ಸೈನ್ಯವನ್ನು ಇಟ್ಟುಕೊಂಡಿದ್ದಾಗ ಅಣ್ಣನು ಏನು ಮಾಡಬಲ್ಲನು? ಅರಮನೆಯ ಒಡವೆಗಳನ್ನೂ ದೇವಾಲಯಗಳ ಬೆಳ್ಳಿಬಂಗಾರಗಳನ್ನೂ ಕೂಡಿಸಿ ಒಂದು ಭಾಗವನ್ನು ತೆತ್ತನು. ಉಳಿದುದಕ್ಕೆ ಸಾಹುಕಾರರ ಹೊಣೆಯನ್ನು ಕೊಟ್ಟು ಬಂದ ಗಂಡಾಂತರವನ್ನು ಕಳುಹಿಸಿದನು. ದೇವರ ಮೈಮೇಲಿನ ಆಭರಣವನ್ನು ತೆಗೆದು ಶತ್ರುವಿಗೆ ಕೊಡಬೇಕಾದ ಆ ಹೊತ್ತಿನಲ್ಲಿ ಅಣ್ಣನ ಮನಸ್ಸಿನಲ್ಲಿ ತಮ್ಮನ ವಿಷಯವಾಗಿ ಏನೆನ್ನಿಸಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಅರಮನೆಯ ಬಾಗಿಲು ಒಡೆದುದು

ಆದರೂ ಆಗ ಸೋದರರು ಬೇರೆಯಾಗಲಿಲ್ಲ. ಸೋಲಾಗಲಿ, ಸಾಲವಾಗಲಿ ಅವರನ್ನು ಬೇರ್ಪಡಿಸಲಿಲ್ಲ. ಬೇರ್ಪಡಿಸಿದುದು 1756ರಲ್ಲಿ ನಡೆದ ಒಂದು ಅಕೃತ್ಯ. ಯುವಕರಾದ ಅರಸರು ದಳವಾಯಿಗಳ ಹಿಡಿತದಿಂದ ಬಿಡಿಸಿಕೊಳ್ಳಬೇಕೆಂದು ತಮ್ಮ ಕಡೆಯವರನ್ನು ಅರಮನೆಯಲ್ಲಿ ಸೇರಿಸಿ ಆಲೋಚಿಸುತ್ತಿದ್ದರು. ಇದು ಹೊರಬಿದ್ದಾಗ, ಸಮಾಧಾನದಿಂದ ಬಗೆಹರಿಸಬೇಕೆಂಬುದು ದೇವರಾಜನ ಇಚ್ಛೆಯಾಗಿದ್ದಿತು. ನಂಜರಾಜನು ಅದನ್ನು ಕೇಳಲಿಲ್ಲ. ಅರಮನೆಯ ಮೇಲೆಯೇ ಫಿರಂಗಿಗಳನ್ನು ತಿರುಗಿಸಿ, ಬಾಗಿಲನ್ನು ಒಡೆಸಿ ಒಳನುಗ್ಗಿದನು. ಅರಸರ ಕಣ್ಣೆದುರಿನಲ್ಲಿಯೇ ಅವರ ಕಡೆಯವರ ಕಿವಿಮೂಗುಗಳನ್ನು ಕೊಯ್ಯಿಸಿದನು. ಆ ಅರಸರು ಪ್ರಭುಗಳು ಮಾತ್ರವಲ್ಲ, ತನ್ನ ಮಗಳ ಗಂಡನೆಂಬ ಅರಿವು ಕೂಡ ಆತನ ಕೈಯನ್ನು ತಡೆಯಲಿಲ್ಲ.

ದೇವರಾಜನು ಇದನ್ನು ಸಹಿಸಲಾರದೆ ಹೋದನು. 1757ರಲ್ಲಿ ತನ್ನ ಕುಟುಂಬವನ್ನೂ ಪರಿವಾರವನ್ನೂ ತನ್ನ ಕಡೆಯ ಸೈನಿಕರನ್ನೂ ಕರೆದುಕೊಂಡು ಶ್ರೀರಂಗಪಟ್ಟಣವನ್ನು ಬಿಟ್ಟನು. ಘಟ್ಟವನ್ನು ಇಳಿದು, ಭವಾನಿ ನದಿಯ ದಡದ ಸತ್ಯಮಂಗಲದಲ್ಲಿ ನೆಲೆ ನಿಂತನು. ಈಗ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿರುವ ಆ ಊರು ಅಂದು ಮೈಸೂರಿನ ಆಳ್ವಿಕೆಯಲ್ಲಿದ್ದಿತು. ಅಲ್ಲಿದ್ದುಕೊಂಡು ತನ್ನ ಪರಿವಾರದ ವೆಚ್ಚಕ್ಕೆಂದು ಆ ಸೀಮೆಗಳ ಕಂದಾಯವನ್ನು ತಾನೇ ತೆಗೆದುಕೊಳ್ಳತೊಡಗಿದನು.

ಈ ಒಡಕಿನ ಸುದ್ದಿಯು ಹರಡಲು ತಡವಾಗಲಿಲ್ಲ. ಅದೇ ವರ್ಷ ಪೇಶ್ವೆ ಬಾಲಾಜಿ ಬಾಜಿರಾಯನು ದೊಡ್ಡ ದಂಡಿನೊಡನೆ ಶ್ರೀರಂಗಪಟ್ಟಣವನ್ನು ಮುತ್ತಿದನು. ಈ ಸಲ 32 ಲಕ್ಷ ರೂಪಾಯಿಗೆ ಒಪ್ಪಂದವಾಯಿತು. ಕೈಯಲ್ಲಿ ಕೊಡಲಾದುದು ಅದರ ಅಲ್ಪಭಾಗ. ಉಳಿದುದಕ್ಕಾಗಿ ಹಲವು ತಾಲ್ಲೂಕುಗಳನ್ನು ಒತ್ತೆ ಇಡಬೇಕಾಯಿತು. ಘಟ್ಟದ ಕೆಳಗಿನ ಕಂದಾಯವು ಅಣ್ಣನ ಕೈಯಲ್ಲಿ, ಉತ್ತರದ ತಾಲ್ಲೂಕುಗಳು ಮರಾಠರ ಕೈಯಲ್ಲಿ. ಶ್ರೀರಂಗಪಟ್ಟಣದಲ್ಲಿ ಉಳಿದುದು ಸಂಬಳವಿಲ್ಲದ ಸೈನ್ಯ ಮಾತ್ರ.

ಮೂರನೆಯವನ ಸಂಧಾನ

1758ರಲ್ಲಿ ಆ ಸೈನಿಕರು ನಂಜರಾಜನ ಮನೆಯ ಬಾಗಿಲಲ್ಲಿ ಧರಣಿ ಕುಳಿತರು. ಒಳಗೆ ಅನ್ನವನ್ನಾಗಲಿ ನೀರನ್ನಾಗಲಿ ಹೋಗಗೊಡಲಿಲ್ಲ. ಎರಡು ವರ್ಷಗಳ ಹಿಂದೆ ಅರಸರ ಬಾಗಿಲನ್ನು ಒಡೆಸಿದವನು ಈಗ ತನ್ನ ಬಾಗಿಲನ್ನು ದಾಟಲಾರದವನಾದನು.

ಆ ಸಮಯಕ್ಕೆ ಸರಿಯಾಗಿ ಬಂದವನು ಬೂದಿಕೋಟೆಯ ಹೈದರನು. ಆತನು ಆ ವೇಳೆಗೆ ದಿಂಡಿಗಲ್ಲಿನ ಫೌಜುದಾರನಾಗಿ ಹಣವನ್ನೂ ಸೈನ್ಯವನ್ನೂ ಸಂಪಾದಿಸಿದ್ದನು. ತನ್ನ ಲೆಕ್ಕಪತ್ರಗಳನ್ನು ನೋಡುತ್ತಿದ್ದ ಖಂಡೇರಾಯನೊಡನೆ ಸತ್ಯಮಂಗಲಕ್ಕೆ ಹೋಗಿ ದೇವರಾಜನನ್ನು ಒಡಂಬಡಿಸಿದನು. ನಂಜರಾಜನು ಅರಸರಲ್ಲಿ ಕ್ಷಮೆಯನ್ನು ಬೇಡಬೇಕೆಂದು ಏರ್ಪಾಡಾಯಿತು. ಅದರಂತೆ ಅರಸರಿಗೆ ಮರ್ಯಾದೆ ಸಂದಿತು. ದೇವರಾಜನು ಮೈಸೂರಿಗೆ ಬಂದನು. ತಮ್ಮನು ಅಲ್ಲಿಗೆ ಹೋಗಿ ಅಣ್ಣನನ್ನು ಎದುರುಗೊಂಡನು. ಇಬ್ಬರೂ ಕೂಡಿ ಶ್ರೀರಂಗಪಟ್ಟಣಕ್ಕೆ ಹಿಂದಿರುಗಿದರು. ಆದರೆ ಕೂಡಿ ಬಾಳುವ ಯೋಗವು ಅವರಿಗೆ ಉಳಿದಿರಲಿಲ್ಲ. ರೋಗದಿಂದ ನರಳುತ್ತಿದ್ದ ದೇವರಾಜನು ಅದೇ 1758ರಲ್ಲಿ, ಹಿಂದಿರುಗಿ ಹೆಚ್ಚು ದಿನಗಳು ಕಳೆಯುವ ಮೊದಲೇ, ತೀರಿಕೊಂಡನು.

ಸೈನಿಕರ ಬಾಕಿಯನ್ನು ತೀರಿಸಿದವನು ಹೈದರನು. ಸೈನ್ಯದ ನಂಬಿಕೆಯು ಯಾರ ಕಡೆಗೆ ಹರಿಯಿತೆಂದು ಬೇರೆ ಹೇಳಬೇಕಾದುದಿಲ್ಲ. 1759ರಲ್ಲಿ ನಂಜರಾಜನು ಅಧಿಕಾರವನ್ನು ಬಿಟ್ಟುಕೊಡಬೇಕಾಯಿತು. 1761ರಲ್ಲಿ, ಖಂಡೇರಾಯನು ತನಗೆ ಎದುರು ನಿಂತಾಗ, ಹೈದರನು ಕೊಣನೂರಿನಲ್ಲಿದ್ದ ನಂಜರಾಜನ ಕಾಲಿಗೆ ಬಿದ್ದು, ಅವನ ಹೆಸರಿನ ಬಲವನ್ನು ಪಡೆದು, ಗೆದ್ದ ಮೇಲೆ ಅವನನ್ನು ಮರೆತನು. ನಂಜರಾಜನ ಕೊನೆಯ ದಿನಗಳು ಸೆರೆಯಲ್ಲಿ ಕಳೆದುವು. ಅರಮನೆಯ ಅರಸರು ಹಿಂದಿನಂತೆಯೇ ಹೆಸರಿನ ಅರಸರಾಗಿ ಉಳಿದರು. ಬದಲಾದುದು ಆಳುವವನ ಮನೆತನ ಮಾತ್ರ.

ತಪ್ಪು ಯಾರದು?

ಈ ಕಥೆಯನ್ನು ಓದಿದವರು ತಪ್ಪೆಲ್ಲವೂ ನಂಜರಾಜನದೆಂದು ತೀರ್ಮಾನಿಸುವುದು ಸುಲಭ. ಅವನ ಅಪರಾಧವು ಘೋರವಾದುದು, ಅದರಲ್ಲಿ ಸಂಶಯವಿಲ್ಲ. ಕೋಪವೆಂಬ ಬೆಂಕಿಯು ಅನ್ಯರನ್ನು ಮುಟ್ಟುವ ಮೊದಲು ಕೋಪಿಸಿದವನ ಮನೆಯನ್ನೇ ಬೂದಿ ಮಾಡುವುದೆಂಬ ತಾತ್ಪರ್ಯವುಳ್ಳ ಬಸವಣ್ಣನವರ ವಚನವನ್ನು ಬಲ್ಲವರಿಗೆ, ಅರಮನೆಗೆ ಹಾರಿಸಿದ ಆ ಗುಂಡು ಕಳಲೆಯ ಮನೆತನಕ್ಕೇ ಬಿದ್ದಿತೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ವಿಚಾರಕ್ಕೆ ಹೆಚ್ಚು ಕಠಿಣವಾದುದು ದೇವರಾಜನ ನಡತೆ. ಆತನು ಅನ್ಯಾಯವನ್ನು ಒಪ್ಪಲಿಲ್ಲ. ತಮ್ಮನೆಂಬ ಮೋಹಕ್ಕೆ ಸಿಕ್ಕಿ ಕ್ರೌರ್ಯವನ್ನು ಮುಚ್ಚಿಹಾಕಲಿಲ್ಲ. ಇಷ್ಟರಮಟ್ಟಿಗೆ ಆತನು ಸರಿಯಾದ ಪಕ್ಷದಲ್ಲಿದ್ದನು. ಹಾಗಿದ್ದರೂ ಆತನ ನಿರ್ಗಮನವು ರಾಜ್ಯವನ್ನು ಉಳಿಸಲಿಲ್ಲ, ಅವಮಾನಿತರಾದ ಅರಸರನ್ನು ಬಿಡಿಸಲಿಲ್ಲ, ತಮ್ಮನನ್ನು ತಿದ್ದಲಿಲ್ಲ. ಏತಕ್ಕೆ?

ವಿಭೀಷಣನು ಅಣ್ಣನಿಗೆ ಎದುರಿನಲ್ಲಿಯೇ ನಿಂತು ಬುದ್ಧಿ ಹೇಳಿದನು. ಕೇಳದಿದ್ದಾಗ ಲಂಕೆಯ ಸಂಪತ್ತನ್ನು ಹೊತ್ತುಕೊಳ್ಳದೆ ಹೊರಟನು. ಬಾಹುಬಲಿಯು ಅಣ್ಣನನ್ನು ಗೆದ್ದು, ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ಹೊರಟನು. ಇಬ್ಬರೂ ಬೇರೆಯಾದರು, ಆದರೆ ಬೇರೆಯಾಗುವಾಗ ಏನನ್ನೂ ಕಿತ್ತುಕೊಳ್ಳಲಿಲ್ಲ. ದೇವರಾಜನು ಅನ್ಯಾಯವನ್ನು ಮಾತ್ರ ಬಿಟ್ಟು ಹೋಗಲಿಲ್ಲ. ಮನೆಯ ಕಣಜದ ಒಂದು ಭಾಗವನ್ನು ಒಯ್ದನು. ಆ ಕಂದಾಯವು ತಮ್ಮನದಲ್ಲ, ಅಣ್ಣನದೂ ಅಲ್ಲ. ಅದು ರೈತನು ದುಡಿದು ತೆತ್ತದ್ದು, ರಾಜ್ಯದ ರಕ್ಷಣೆಗೆ ಮೀಸಲಾದದ್ದು. ಸಂಪತ್ತು ತನ್ನದಲ್ಲ, ತನ್ನ ಕೈಯಿಂದ ಸಮಾಜಕ್ಕೆ ಸಲ್ಲಬೇಕಾದುದು ಎಂಬ ದಾಸೋಹಭಾವವನ್ನು ಶರಣರು ಕಲಿಸಿದುದು ಇಂಥ ಸಂದರ್ಭಕ್ಕಾಗಿಯೇ. ತಮ್ಮನ ಮೇಲಿನ ಮುನಿಸಿಗೆ ದಂಡವನ್ನು ತೆತ್ತವರು ಸಂಬಳವಿಲ್ಲದ ಸೈನಿಕರು, ಒತ್ತೆಯಾಗಿ ಹೋದ ತಾಲ್ಲೂಕುಗಳ ರೈತರು.

ಮತ್ತೊಂದು ಅಂಶವನ್ನೂ ನೋಡಬೇಕು. ಅಣ್ಣತಮ್ಮಂದಿರು ತಾವಾಗಿ ಕೂಡಲಿಲ್ಲ. ಮೂರನೆಯವನು ಬಂದು ಕೂಡಿಸಿದನು. ಸಂಧಾನ ಮಾಡಿಸಿದವನಿಗೆ ಇಬ್ಬರ ದೌರ್ಬಲ್ಯವೂ ಒಂದೇ ದಿನದಲ್ಲಿ ತಿಳಿದುಹೋಗುತ್ತದೆ. ಅಣ್ಣನ ಮುನಿಸು ಎಲ್ಲಿಯವರೆಗೆ, ತಮ್ಮನ ಭಯ ಎಷ್ಟು, ಬೊಕ್ಕಸದಲ್ಲಿ ಏನಿದೆ, ಸೈನ್ಯವು ಯಾರ ಮಾತನ್ನು ಕೇಳುತ್ತದೆ ಎಂಬುದೆಲ್ಲವನ್ನೂ ಹೈದರನು ಆ ಸಂಧಾನದಲ್ಲಿ ಅರಿತುಕೊಂಡನು. ಪಾಲುಪಾರೀಖತ್ತಿನ ವ್ಯಾಜ್ಯವನ್ನು ಹೊತ್ತು ಕೋರ್ಟಿನ ಮೆಟ್ಟಿಲನ್ನು ಹತ್ತುವ ಸೋದರರ ಹೊಲವು ಕೊನೆಗೆ ಇಬ್ಬರ ಕೈಯಲ್ಲಿಯೂ ಉಳಿಯದೆ ಹೋಗುವುದನ್ನು ಹಳ್ಳಿಗಳಲ್ಲಿ ಕಾಣದವರಾರು?

ಬೇರೆಯಾಗದವರ ದಾರಿ

ಬೂದಿಕೋಟೆಯ ಸೋದರರನ್ನು ಹೊಗಳುವುದು ಇಲ್ಲಿಯ ಉದ್ದೇಶವಲ್ಲ. ಅಣ್ಣನೊಡನೆ ಕೂಡಿ ಬಾಳಿದ ಹೈದರನು ತನ್ನನ್ನು ಮೇಲಕ್ಕೆತ್ತಿದ ನಂಜರಾಜನಿಗೆ ಕೃತಘ್ನನಾದನು. ಸೋದರಪ್ರೇಮವೊಂದೇ ಧರ್ಮವಾಗಲಾರದೆಂಬುದಕ್ಕೆ ಇದೇ ನಿದರ್ಶನ. ಆದರೆ ಮೊದಲು ಕೇಳಿದ ಪ್ರಶ್ನೆಗೆ ಅವರ ಕಥೆಯಿಂದ ಉತ್ತರವು ದೊರೆಯುತ್ತದೆ. ಕೇಡು ತಾನಾಗಿ ಒಡಹುಟ್ಟಿದವರನ್ನು ಬೇರ್ಪಡಿಸುವುದಿಲ್ಲ. ನಗಾರಿಯೊಳಗೆ ಜೊತೆಯಾಗಿ ನರಳಿದವರು ಜೊತೆಯಾಗಿಯೇ ಎದ್ದರು. ಅರಮನೆಯ ಸೌಖ್ಯದಲ್ಲಿ ಜೊತೆಯಾಗಿ ಆಳಿದವರು ಬೇರೆಯಾದರು, ಆ ಒಡಕೇ ಕೇಡಿಗೆ ಬಾಗಿಲಾಯಿತು.

ಹೈದರನ ಮನೆಯಲ್ಲಿಯೂ ಆ ಬಾಗಿಲು ತೆರೆಯುವ ಸಮಯ ಬಂದಿದ್ದಿತು. 1782ರ ಡಿಸೆಂಬರ್ 7ರಂದು ಆತನು ಚಿತ್ತೂರಿನ ಸಮೀಪದ ಪಾಳೆಯದಲ್ಲಿ ತೀರಿಕೊಂಡಾಗ ಹಿರಿಯ ಮಗನಾದ ಟಿಪ್ಪುವು ದೂರದ ಮಲೆಯಾಳ ಸೀಮೆಯಲ್ಲಿದ್ದನು. ಕಿರಿಯ ಮಗನಾದ ಅಬ್ದುಲ್ ಕರೀಮನನ್ನು ಪಟ್ಟಕ್ಕೆ ತರಲು ಕೆಲವರು ಹೊಂಚು ಹಾಕಿದರು. ಮಂತ್ರಿಗಳು ಮರಣವನ್ನು ಗುಟ್ಟಾಗಿಟ್ಟು, ಒಳಸಂಚನ್ನು ಮುರಿದು, ಟಿಪ್ಪು ಬರುವವರೆಗೆ ಸೈನ್ಯವನ್ನು ಒಂದಾಗಿ ಹಿಡಿದರು. ಹೈದರನ ದೇಹವನ್ನು ಪೆಟ್ಟಿಗೆಯಲ್ಲಿ ಇರಿಸಿ ಮೊದಲು ಕೋಲಾರಕ್ಕೆ ತಂದು, ತಂದೆಯ ಗೋರಿಯ ಬಳಿ ಇಟ್ಟಿದ್ದು, ಅನಂತರ ಶ್ರೀರಂಗಪಟ್ಟಣಕ್ಕೆ ಒಯ್ದರು. ಸೋದರರನ್ನು ಎತ್ತಿಕಟ್ಟಲು ಹೊಂಚುವ ಕೈಗಳು ಎಲ್ಲ ಮನೆಗಳ ಹೊರಗೂ ಇರುತ್ತವೆ; ಒಳಗಿನವರು ಎಚ್ಚರವಾಗಿದ್ದರೆ ಅವು ಹೊರಗೇ ಉಳಿಯುತ್ತವೆ.

ಕಲ್ಯಾಣದ ಕ್ರಾಂತಿಯ ಅನಂತರ ಶರಣರ ಲೋಕವೇ ಚೆದರಿಹೋದಾಗ ಬಸವಣ್ಣನವರ ಅಕ್ಕನಾದ ನಾಗಮ್ಮನವರು ಏನು ಮಾಡಿದರೆಂಬುದನ್ನು ಸಂಪ್ರದಾಯವು ನೆನೆಯುತ್ತದೆ. ತಮ್ಮನು ಬಾಲ್ಯದಲ್ಲಿ ಮನೆಯನ್ನು ಬಿಟ್ಟಾಗ ಜೊತೆಯಲ್ಲಿ ನಿಂತವರು ಆಕೆ. ಕಲ್ಯಾಣವು ಹಾಳಾದಾಗ ಮಗನಾದ ಚೆನ್ನಬಸವಣ್ಣನವರೊಡನೆ ಶರಣರ ತಂಡವನ್ನು ಉಳುವಿಯ ಕಡೆಗೆ ನಡೆಸಿದವರೂ ಆಕೆಯೇ. ತಮ್ಮನ ಬಲವನ್ನು ಹಂಚಿಕೊಂಡವರು ತಮ್ಮನ ಹೊರೆಯನ್ನೂ ಹೊತ್ತರು.

ಒಡಹುಟ್ಟಿದವನು ತಪ್ಪಿ ನಡೆದಾಗ ಅದನ್ನು ತಪ್ಪೆಂದು ಹೇಳದಿರುವುದು ಪ್ರೇಮವಲ್ಲ, ಅದು ಮೋಹ. ಹೇಳಿ, ಕೇಳದಿದ್ದರೆ ಅನ್ಯಾಯದಲ್ಲಿ ಪಾಲುಗೊಳ್ಳದೆ ದೂರ ನಿಲ್ಲುವುದು ನ್ಯಾಯ. ಆದರೆ ದೂರ ನಿಲ್ಲುವಾಗ ಎಲ್ಲರಿಗೂ ಸೇರಿದುದನ್ನು ಕಿತ್ತುಕೊಂಡು ಹೋಗಬಾರದು. ಮಾತಿನ ದಾರಿಯನ್ನು ಮುಚ್ಚಬಾರದು. ಹಿಂದಿರುಗುವ ದಿನವನ್ನು ಮೂರನೆಯವನು ನಿಶ್ಚಯಿಸುವವರೆಗೆ ಕಾಯಬಾರದು. ತಪ್ಪಿದವನಾದರೋ, ಬಾಗಿಲಲ್ಲಿ ಧರಣಿ ಕೂರುವವರೆಗೆ ಕ್ಷಮೆಯನ್ನು ಬೇಡಲು ಕಾಯಬಾರದು. ನಂಜರಾಜನು 1758ರಲ್ಲಿ ಬೇಡಿದ ಕ್ಷಮೆಯನ್ನು 1756ರಲ್ಲಿಯೇ ಬೇಡಿದ್ದರೆ, ಅಣ್ಣನು ಘಟ್ಟವನ್ನು ಇಳಿಯಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಎರಡು ವರ್ಷ ತಡವಾಗಿ ಬಂದ ಆ ಕ್ಷಮೆಯಿಂದ ಅಣ್ಣನ ಮುಖವನ್ನು ಕಾಣಲು ಸಾಧ್ಯವಾಯಿತು. ಅಣ್ಣನೊಡನೆ ಬಾಳಲು ಸಾಧ್ಯವಾಗಲಿಲ್ಲ.